ಬ್ರೇಕ್ ಒತ್ತಿದ್ರೆ ಸ್ಟೀರಿಂಗ್ ಅದುರುತ್ತೆ: ಡಿಸ್ಕ್, ಪ್ಯಾಡ್ ಹೊರಗಡೆ ತಗೊಳ್ಳೋದಾದ್ರೆ ಯಾವುದು?

ಸಕ್ಕರೆ ಸೀಮೆ

ಪೆಟ್ರೋಲ್ ಹ್ಯಾಚ್‌ಬ್ಯಾಕ್, 62,000 ಕಿ.ಮೀ. ಮುಂದೆ ವೆಂಟಿಲೇಟೆಡ್ ಡಿಸ್ಕ್, ಹಿಂದೆ ಡ್ರಮ್. ಓಡಾಟ ಹೆಚ್ಚಾಗಿ ಮಂಡ್ಯ–ಮೈಸೂರು, ತಿಂಗಳಿಗೊಂದು ಸಲ ಚಾಮುಂಡಿ ಬೆಟ್ಟ ಇಲ್ಲ ಮಾದಪ್ಪನ ಬೆಟ್ಟ. 80ರ ಮೇಲೆ ಬ್ರೇಕ್ ಒತ್ತಿದ್ರೆ ಸ್ಟೀರಿಂಗ್ ಗಡಗಡ ಅನ್ನುತ್ತೆ, 40ರ ಒಳಗೆ ಏನೂ ಗೊತ್ತಾಗಲ್ಲ. ಡಿಸ್ಕನ್ನ ಒತ್ತಿ ಹಿಡಿಯೋ ಪ್ಯಾಡ್ ಸುಮಾರು 4 ಮಿ.ಮೀ. ಉಳಿದಿದೆ.

ಗ್ಯಾರೇಜಲ್ಲಿ "ಡಿಸ್ಕ್ ಬೆಂಡ್ ಆಗಿದೆ, ಲೇತ್‌ಗೆ ಹಾಕಿಸಿ ಸಾಕು" ಅಂತಾರೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ತೂತು ಕೊರೆದ ಡಿಸ್ಕು, ಸೆರಾಮಿಕ್ ಪ್ಯಾಡ್ ಸೆಟ್ಟು ತೋರಿಸ್ತಾರೆ. ಕಂಪನಿ ಪಾರ್ಟೇ ಬೇಕಾ, ಹೊರಗಡೆ ಬ್ರ್ಯಾಂಡ್ ಸಾಕಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಮೈಕ್ರಾನ್

ಮೊದಲು ಅಳತೆ, ಆಮೇಲೆ ಅಂಗಡಿ.

ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ಅದುರಿದರೆ ಅದು ಮುಂದಿನ ಡಿಸ್ಕ್. ಸೀಟು ಅದುರಿದರೆ ಹಿಂದಿನ ಡ್ರಮ್ ಅಂಡಾಕಾರ ಆಗಿರಬಹುದು. ಬ್ರೇಕ್ ಮುಟ್ಟದೇ ಅದುರಿದರೆ ವೀಲ್ ಬ್ಯಾಲೆನ್ಸಿಂಗ್ ನೋಡಿ, ಡಿಸ್ಕ್ ತಂಟೆಗೆ ಹೋಗಬೇಡಿ.

"ಡಿಸ್ಕ್ ಬೆಂಡ್" ಅನ್ನೋ ಮಾತು ಮುಕ್ಕಾಲು ಪಾಲು ತಪ್ಪು. ಡಿಸ್ಕ್ ಬೀಡು ಕಬ್ಬಿಣ, ತಗಡಿನ ತಟ್ಟೆಯ ಹಾಗೆ ಬಗ್ಗಲ್ಲ. ಆಗೋದು ಇಷ್ಟು: ಡಿಸ್ಕ್ ಹಬ್ (ಚಕ್ರ ಕೂರೋ, ತಿರುಗೋ ನಡುಭಾಗ) ಮೇಲೆ ಕೂದಲೆಳೆಯಷ್ಟು ಓರೆಯಾಗಿ ಕೂತಿರುತ್ತೆ. ಬ್ರೇಕ್ ಒತ್ತದೇ ಓಡುವಾಗಲೂ ಪ್ರತಿ ಸುತ್ತಿಗೊಮ್ಮೆ ಒಂದೇ ಜಾಗ ಪ್ಯಾಡಿಗೆ ಸವರಿಕೊಂಡು ಹೋಗುತ್ತೆ. ಆ ಜಾಗ ಕೆಲವು ಸಾವಿರ ಕಿ.ಮೀ.ನಲ್ಲಿ ಉಳಿದ ಕಡೆಗಿಂತ ತೆಳ್ಳಗಾಗುತ್ತೆ. ದಪ್ಪ–ತೆಳು ವ್ಯತ್ಯಾಸ 0.015–0.02 ಮಿ.ಮೀ. ದಾಟಿದರೆ ಸಾಕು, ಪ್ಯಾಡ್ ಒತ್ತೋ ಪಿಸ್ಟನ್ ಹಿಂದೆ ಮುಂದೆ ತಳ್ಳಿಸಿಕೊಂಡು ಸ್ಟೀರಿಂಗ್‌ಗೆ ನಡುಕ ಬರುತ್ತೆ. ಹಾಗಾಗಿ ಹೊಸ ಡಿಸ್ಕ್ ಹಾಕಿಸಿದ ದಿನ ಬೆಣ್ಣೆಯ ಹಾಗೆ ನಿಂತು ಮೂರ್ನಾಲ್ಕು ತಿಂಗಳಾದ ಮೇಲೆ ಮತ್ತೆ ಅದುರಿದರೆ ತಪ್ಪು ಡಿಸ್ಕ್‌ದಲ್ಲ, ಕೂರಿಸಿದವರದ್ದು.

ಅಳೆಯೋದು ಹೀಗೆ. ಮೈಕ್ರೋಮೀಟರ್ ತಗೊಂಡು ಹೊರ ಅಂಚಿನಿಂದ 10 ಮಿ.ಮೀ. ಒಳಗೆ, ಸುತ್ತಲೂ 8 ಜಾಗದಲ್ಲಿ ದಪ್ಪ ಬರೆದುಕೊಳ್ಳಿ. ಡಿಸ್ಕ್‌ನ ಟೋಪಿ ಭಾಗದ (ನಡುವೆ ಉಬ್ಬಿರೋದು) ಮೇಲೋ ಅಂಚಿನ ಮೇಲೋ ಕನಿಷ್ಠ ದಪ್ಪದ ಮುದ್ರೆ ಇರುತ್ತೆ. ಹೊಸದಕ್ಕೂ ಅದಕ್ಕೂ ಸಾಮಾನ್ಯವಾಗಿ 2 ಮಿ.ಮೀ. ಆಸುಪಾಸು ಅಂತರ. ಮುದ್ರೆ ತುಕ್ಕಲ್ಲಿ ಮುಚ್ಚಿದ್ದರೆ ವೈರ್ ಬ್ರಷ್ ಹಾಕಿ ಉಜ್ಜಿ.

ವಿಸಿ ನಾಲೆ

ಮೈಕ್ರೋಮೀಟ್ರು ಎಲ್ರತ್ರ ಇರಕಿಲ್ಲ ಕಣಣ್ಣ. ವರ್ನಿಯರ್ ಇದ್ರೂ ಆಯ್ತದೆ. ಆದ್ರೆ ಸೀದಾ ಹಿಡಿದ್ರೆ ಅಂಚಲ್ಲಿ ಸವೀದೆ ಉಳಿದಿರೋ ದಡದ್ ಮೇಲೆ ಕೂತ್ಕೊಂಡು ಹೆಚ್ಚು ತೋರಿಸ್ತದೆ. ಎರಡೂ ಕಡೆ ಒಂದೊಂದು ರೂಪಾಯ್ ನಾಣ್ಯ ಇಟ್ಟು ಅಳೀರಿ, ನಾಣ್ಯ ಎರಡರ ದಪ್ಪ ಬೇರೆ ಅಳ್ದು ಕಳೀರಿ. ಸವೆತ ಎಷ್ಟು ಅಂತ ತಿಳಿಯಾಕೆ ಇಷ್ಟು ಸಾಕು. ಮೈಕ್ರಾನ್ ಹೇಳಿರೋ ಆ 0.02 ಹಿಡಿಯಾಕೆ ಮಾತ್ರ ಸಾಲಕಿಲ್ಲ.

ಪೆಡಲ್ ಪುರಾಣ

ತೂತಿನ ಡಿಸ್ಕ್ ವಿಷಯ. ಬೇಡ.

ತೂತು ಕೊರೆದರೆ ಡಿಸ್ಕ್ ತಣ್ಣಗಿರುತ್ತೆ ಅಂತ ಮಾರ್ತಾರೆ. ತಣ್ಣಗಿಡೋದು ಒಳಗಿನ ರೆಕ್ಕೆಗಳ ಮಧ್ಯೆ ಹರಿಯೋ ಗಾಳಿ. ಶಾಖ ನುಂಗೋದು ಕಬ್ಬಿಣದ ತೂಕ. ತೂತು ಕೊರೆದಷ್ಟೂ ಆ ತೂಕ ಕಮ್ಮಿ. ಮೇಲಿಂದ, ಪ್ರತಿ ತೂತಿನ ಅಂಚೂ ಬಿರುಕು ಶುರುವಾಗೋ ಜಾಗ. ಅಗ್ಗದ ಸೆಟ್‌ಗಳಲ್ಲಿ ಮಾಮೂಲಿ ಡಿಸ್ಕ್‌ಗೇ ಡ್ರಿಲ್ ಹಾಕಿರ್ತಾರೆ, ತೂತಿನ ಬಾಯಿಯನ್ನ ಇಳಿಜಾರು ಮಾಡಿರಲ್ಲ, ಒಂದೊಂದು ತೂತು ಒಳಗಿನ ರೆಕ್ಕೆಯನ್ನೇ ಕಚ್ಚಿರುತ್ತೆ. ಗೀರು ಹಾಕಿದ ಡಿಸ್ಕ್ ಇಷ್ಟು ಅಪಾಯ ಅಲ್ಲ, ಆದ್ರೆ ಪ್ಯಾಡ್ ಬೇಗ ತಿನ್ನುತ್ತೆ, ಗುಂಯ್ ಅನ್ನುತ್ತೆ. ಅಲಾಯ್ ವೀಲ್ ಸಂದಿಂದ ನೋಡೋಕೆ ಚೆನ್ನಾಗಿರುತ್ತೆ ಅನ್ನೋದು ಒಪ್ಪಿದೆ.

ಬೆಟ್ಟದ ಲೆಕ್ಕ ಹಾಕಿ. ಚಾಮುಂಡಿ ಬೆಟ್ಟದಿಂದ ಊರಿಗೆ ಸುಮಾರು 280 ಮೀಟರ್ ಇಳಿತ ಅಂತಿಟ್ಕೊಳ್ಳಿ, ಜನ ಸೇರಿ ಗಾಡಿ 1,200 ಕೆ.ಜಿ. 1,200 × 9.8 × 280, ಹತ್ತಿರ ಹತ್ತಿರ 33 ಲಕ್ಷ ಜೂಲ್. ಹೈವೇಲಿ 100 ಕಿ.ಮೀ. ವೇಗದಿಂದ ಒಂದು ಸಲ ಪೂರ್ತಿ ನಿಲ್ಲಿಸೋಕೆ 4.6 ಲಕ್ಷ. ಅಂದ್ರೆ ಬೆಟ್ಟ ಇಳಿಯೋದು ಏಳು ಸಲ ಹೈವೇಲಿ ಗಕ್ಕಂತ ನಿಲ್ಲಿಸಿದ ಹಾಗೆ, ನಡುವೆ ಸುಧಾರಿಸಿಕೊಳ್ಳೋಕೆ ಹೊತ್ತು ಕೊಡದೆ. ಮುಂದಿನ ಎರಡು ಡಿಸ್ಕ್ ಸೇರಿ 10 ಕೆ.ಜಿ. ಇದ್ದರೆ 1 ಡಿಗ್ರಿ ಏರೋಕೆ 5,000 ಜೂಲ್ ಬೇಕು. ಮುಂದಿನ ಪಾಲು 70 ಪರ್ಸೆಂಟ್ ಅಂತ ಹಿಡಿದರೆ 460 ಡಿಗ್ರಿ ಏರಿಕೆ. ಗಾಳಿ, ಎಂಜಿನ್ ಬ್ರೇಕಿಂಗ್ ಎರಡೂ ಇಲ್ಲ ಅಂದ್ಕೊಂಡ ಕಾಗದದ ಲೆಕ್ಕ ಇದು, ನಿಜದಲ್ಲಿ ತುಂಬಾ ಕಮ್ಮಿ. ಆದ್ರೆ ನ್ಯೂಟ್ರಲ್‌ಗೆ ಹಾಕಿ ಪೆಡಲ್ ಮೇಲೇ ಕಾಲಿಟ್ಟು ಇಳಿಯೋರು ಆ ಕಾಗದದ ಲೆಕ್ಕದ ಕಡೆಗೇ ಹೋಗ್ತಿರ್ತಾರೆ. ಅಗ್ಗದ ಪ್ಯಾಡ್ 300ರ ಆಸುಪಾಸಲ್ಲೇ ಹಿಡಿತ ಬಿಡೋಕೆ ಶುರು ಮಾಡುತ್ತೆ. ಮಾದಪ್ಪನ ಬೆಟ್ಟದ ದಾರಿಯ ತಾಳಬೆಟ್ಟದ ತಿರುವುಗಳಲ್ಲಿ, ಊಟಿಯಿಂದ ಗೂಡಲೂರು ಇಳಿಯುವಾಗ ಬರೋ ಸುಟ್ಟ ವಾಸನೆ ಇದೇ. ಎರಡನೇ ಗೇರ್‌ನಲ್ಲಿ ಇಳೀರಿ.

ಒಂಟಿಕೊಪ್ಪಲ್ ಮೂರನೇ ಕ್ರಾಸ್

ಹೊರಗಡೆ ಡಿಸ್ಕ್ ಕೊಳ್ಳುವಾಗ ಬ್ರ್ಯಾಂಡ್ ಹೆಸರಿಗಿಂತ ಮೊದಲು ಹಳೇ ಡಿಸ್ಕ್ ಬಿಚ್ಚಿ ಅಂಗಡಿಗೇ ಒಯ್ಯಿರಿ. "ಎಲ್ಲಾ ಮಾಡೆಲ್‌ಗೂ ಒಂದೇ ಸಾರ್" ಅನ್ನೋದನ್ನ ನಂಬಬೇಡಿ. ಒಂದೇ ಕಾರಿನ ಪೆಟ್ರೋಲ್, ಡೀಸೆಲ್ ಮಾಡೆಲ್‌ಗಳಿಗೇ ಡಿಸ್ಕ್ ಬೇರೆ ಇರೋದುಂಟು. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯಾಸ, ದಪ್ಪ, ಟೋಪಿಯ ಎತ್ತರ, ನಡುವಿನ ರಂಧ್ರ, ಬೋಲ್ಟ್ ತೂತುಗಳ ಅಂತರ ಹೊಂದಿಸಿ. ಟೋಪಿಯ ಎತ್ತರ 1 ಮಿ.ಮೀ. ಹೆಚ್ಚುಕಮ್ಮಿ ಆದರೂ ಡಿಸ್ಕ್ ಕ್ಯಾಲಿಪರ್ (ಪ್ಯಾಡ್ ಹಿಡಿದು ಒತ್ತೋ ಇಕ್ಕಳ) ನಡುವಲ್ಲಿ ಕೂರಲ್ಲ.

ಬಹಳ ಜನ ಮರೆಯೋದು ತೂಕ. ಸಾಮಾನು ತೂಗೋ ಕೊಕ್ಕೆ ತಕ್ಕಡಿ ಸಾಕು. ಹಳೇದು ಸವೆದಿರುತ್ತೆ, ಆದ್ದರಿಂದ ಹೊಸದು ಅದಕ್ಕಿಂತ ಸ್ವಲ್ಪ ಭಾರ ಇರಲೇಬೇಕು. ಹಗುರ ಇದ್ದರೆ ಎಲ್ಲೋ ಕಬ್ಬಿಣ ಉಳಿಸಿದ್ದಾರೆ: ಒಳ ರೆಕ್ಕೆ ಎಣಿಸಿ, ಕಂಪನಿದಕ್ಕಿಂತ ಕಮ್ಮಿ ಇರುತ್ತೆ, ಇಲ್ಲ ಎರಡು ಮುಖದ ತಟ್ಟೆ ಒಂದು ದಪ್ಪ ಒಂದು ತೆಳು ಇರುತ್ತೆ. ಹಾಗಿದ್ದರೆ ಬಿಸಿಯಾದಾಗ ಒಂದು ಕಡೆಗೆ ವಾಲುತ್ತೆ.

ಅಂಚಲ್ಲಿ ಒಂದು ಜಾಗ ಅರ್ಧಚಂದ್ರದ ಹಾಗೆ ಕೆತ್ತಿದ್ದರೆ ಗಾಬರಿ ಬೇಡ, ಅದು ಬ್ಯಾಲೆನ್ಸ್ ಮಾಡಿದ ಗುರುತು, ಇದ್ದರೆ ಒಳ್ಳೇದೇ. ಮೇಲ್ಮೈ ಹಳೇ ಗ್ರಾಮಫೋನ್ ತಟ್ಟೆಯ ಹಾಗೆ ಉಗುರಿಗೆ ಸಿಗೋ ಸುರುಳಿ ಗೆರೆ ಇದ್ದರೆ ಬಿಟ್ಟುಬಿಡಿ. ಪ್ಯಾಡ್ ಆ ಗೆರೆ ಹಿಡಿದು ಹೊರಗೆ ಜಾರಿ, ಟಕ್ ಅಂತ ವಾಪಸ್ ಬರುತ್ತೆ. ಟೋಪಿ ಮತ್ತು ಅಂಚಿಗೆ ಬೂದು ಬಣ್ಣದ ಸತುವಿನ ಲೇಪ ಇರೋದು ಸಿಕ್ಕರೆ ಅದನ್ನೇ ತಗೊಳ್ಳಿ, ಮುಂದಿನ ಸಲ ಬಿಚ್ಚುವಾಗ ಹಬ್‌ಗೆ ಅಂಟಿಕೊಂಡಿರಲ್ಲ.

ಬ್ರ್ಯಾಂಡ್ ಕೇಳಿದ್ರಿ. ಕಂಪನಿ ಪಾರ್ಟ್ ಬಿಟ್ಟರೆ ಬ್ರೆಂಬೊ, ಬಾಷ್, ಟಿಆರ್‌ಡಬ್ಲ್ಯೂ, ಟಿವಿಎಸ್ ಗರ್ಲಿಂಗ್. ಪ್ಯಾಡ್‌ಗೆ ರಾಣೆಯನ್ನೂ ಸೇರಿಸಿ. ಇವುಗಳಲ್ಲಿ ನಿಮ್ಮ ಪಾರ್ಟ್ ನಂಬರ್‌ಗೆ ಯಾವುದು ಅಸಲಿ ಸಿಗುತ್ತೋ ಅದು.

ಸಕ್ಕರೆ ಸೀಮೆ

ಅಸಲಿ ಅಂತ ಗುರುತಿಸೋದು ಹೇಗೆ? ಡಬ್ಬಿ ನೋಡಿದ್ರೆ ಎಲ್ಲಾ ಒಂದೇ ಥರ ಇರ್ತವೆ.

ಒಂಟಿಕೊಪ್ಪಲ್ ಮೂರನೇ ಕ್ರಾಸ್

ಡಬ್ಬಿ ಬಿಡಿ, ವಸ್ತು ನೋಡಿ. ಅಸಲಿ ಡಿಸ್ಕ್‌ನಲ್ಲಿ ಕನಿಷ್ಠ ದಪ್ಪ, ಬ್ಯಾಚ್ ನಂಬರ್ ಕಬ್ಬಿಣದ ಮೇಲೇ ಇರುತ್ತೆ. ಬರೀ ಸ್ಟಿಕ್ಕರ್ ಇದ್ದು ಕಬ್ಬಿಣ ಬೋಳಾಗಿದ್ದರೆ ವಾಪಸ್. ಪ್ಯಾಡ್‌ನ ಹಿಂದಿನ ಉಕ್ಕಿನ ಪಟ್ಟಿ ನೋಡಿ: ಅಂಚು ನಯ, ಬಣ್ಣ ಒಂದೇ ಸಮ, ಉಜ್ಜಿ ಸವೆಯೋ ಮಾಲಿಗೂ ಪಟ್ಟಿಗೂ ನಡುವೆ ಉಗುರು ತೂರೋ ಸಂದು ಇರಬಾರದು. ಡೂಪ್ಲಿಕೇಟ್‌ನಲ್ಲಿ ಆ ಅಂಟೇ ಮೊದಲು ಬಿಡೋದು, ತುಕ್ಕು ನುಗ್ಗಿ ಮಾಲು ಪೂರ್ತಿ ಕಳಚಿ ಬೀಳುತ್ತೆ. ಒಂದು ಡಬ್ಬಿಯ ನಾಲ್ಕೂ ಪ್ಯಾಡ್‌ಗೆ ಒಂದೇ ಬ್ಯಾಚ್ ಇರಬೇಕು. ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಅಂದ ತಕ್ಷಣ ರೇಟು ಬದಲಾದರೆ ಉತ್ತರ ಸಿಕ್ಕಿತು.

ಮೈಕ್ರಾನ್

ಪ್ಯಾಡ್‌ನ ಅಂಚಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರಬಹುದು: ಎಫ್‌ಎಫ್, ಜಿಎಫ್ ಹೀಗೆ. ಅಮೆರಿಕದ ಎಸ್‌ಎಇ ಪದ್ಧತಿ ಅದು. ಮೊದಲನೇದು ತಣ್ಣಗಿದ್ದಾಗಿನ ಘರ್ಷಣೆ, ಎರಡನೇದು ಬಿಸಿಯಲ್ಲಿ. ಇ ಅಂದರೆ 0.25–0.35, ಎಫ್ 0.35–0.45, ಜಿ 0.45–0.55. ಮೊದಲನೇದು ಎಫ್, ಎರಡನೇದು ಇ ಇದ್ದರೆ ಬಿಸಿಯಾದಾಗ ಹಿಡಿತ ಇಳಿಯುತ್ತೆ ಅಂತ ಓದಿಕೊಳ್ಳಿ. ಬೆಟ್ಟ ಹತ್ತಿ ಇಳಿಯೋರಿಗೆ ಎಫ್‌ಎಫ್ ಇರಲಿ. ಆದರೆ ಈ ಅಕ್ಷರ ಬಾಳಿಕೆಯನ್ನೂ ಹೇಳಲ್ಲ, ಗುಣಮಟ್ಟವನ್ನೂ ಹೇಳಲ್ಲ. ಯುರೋಪಿನ ಆರ್90 ಗುರುತು ಅದಕ್ಕಿಂತ ಹೆಚ್ಚು ಉಪಯೋಗ: ಮೂಲ ಪ್ಯಾಡ್‌ನ ಹಿಡಿತಕ್ಕೆ 15 ಪರ್ಸೆಂಟ್ ಆಚೆ ಈಚೆ ಒಳಗೇ ಇರಬೇಕು ಅನ್ನೋ ಷರತ್ತು ಅದರಲ್ಲಿದೆ. ಹೆಚ್ಚು ಕಚ್ಚೋ ಪ್ಯಾಡ್ ಒಳ್ಳೇದು ಅನ್ನೋರು ಇದನ್ನ ಗಮನಿಸಿ. ಮುಂದೆ ವಿಪರೀತ ಕಚ್ಚಿ ಹಿಂದೆ ಡ್ರಮ್ ಹಾಗೇ ಇದ್ದರೆ ಗಾಡಿಯ ಸಮತೋಲನವೇ ಬದಲಾಗುತ್ತೆ.

ಸೆರಾಮಿಕ್ ಹಾಕಿಸಿ, ಬೇಡ ಅನ್ನಲ್ಲ. ವೀಲ್ ಮೇಲೆ ಕಪ್ಪು ಪುಡಿ ಕಮ್ಮಿ, ಸದ್ದು ಕಮ್ಮಿ. ಅದೇ ನಿಲ್ಲಿಸೋ ಶಕ್ತಿ ಅಂತ ದುಡ್ಡು ಕೊಡಬೇಡಿ. ಡಬ್ಬಿ ಮೇಲೆ ಸೆರಾಮಿಕ್ ಅಂತ ಬರೆದ ಮಾತ್ರಕ್ಕೆ ಒಳಗೆ ಎಷ್ಟಿದೆ ಅನ್ನೋದು ಗೊತ್ತಾಗಲ್ಲ. ಸೆಮಿ ಮೆಟಾಲಿಕ್ (ಲೋಹ ಬೆರೆಸಿದ ಪ್ಯಾಡ್) ಬಿಸಿ ತಡೆಯುತ್ತೆ, ಆದರೆ ಬೆಳಗ್ಗೆ ಮೊದಲ ಎರಡು ಬ್ರೇಕ್ ಕಿರಕಿರ, ಡಿಸ್ಕ್ ಸವೆತ ಜಾಸ್ತಿ. ನಿಮ್ಮ ಓಡಾಟಕ್ಕೆ ಕಂಪನಿ ಕೊಟ್ಟಿದ್ದ ದರ್ಜೆಯ ಪ್ಯಾಡೇ ಸರಿ.

ಹೆಬ್ಬಾಳ್ ಲೇತ್

ಲೇತ್ ಬಗ್ಗೆ ಒಂದು ಮಾತು. ಟರ್ನಿಂಗ್ (ಡಿಸ್ಕ್ ಮುಖ ಕೊರೆದು ಸಮ ಮಾಡೋದು) ಪಾಪದ ಕೆಲಸ ಏನಲ್ಲ, ಮಾಡೋ ರೀತಿ ಮುಖ್ಯ. ಬೆಂಚ್ ಲೇತ್‌ನಲ್ಲಿ ಡಿಸ್ಕ್‌ನ ನಡು ರಂಧ್ರ ಹಿಡಿದು ಕೊರೀತಾರೆ; ಗಾಡಿಯ ಹಬ್ ಓರೆ ಇದ್ದರೆ ಆ ಓರೆ ಹಾಗೇ ಉಳಿಯುತ್ತೆ. ಗಾಡಿ ಮೇಲೇ ಕೂರಿಸಿ ಕೊರೆಯೋ ಮೆಷಿನ್ ಇರೋ ಕಡೆ ಮಾಡಿಸಿದರೆ ಹಬ್‌ನ ಓರೆಯೂ ಸೇರಿ ಸರಿಹೋಗುತ್ತೆ. ಎರಡೂ ಮುಖ ಒಟ್ಟಿಗೆ ಕೊರೆಯೋ ಜೋಡಿ ಟೂಲ್ ಇರಬೇಕು. ಒಂದು ಮುಖ ಮುಗಿಸಿ ತಿರುಗಿಸಿ ಹಾಕಿ ಇನ್ನೊಂದು ಮುಖ ಕೊರೆದರೆ ಎರಡೂ ಸಮಾನಾಂತರ ಬರೋದು ಅದೃಷ್ಟ.

ಕೊರೆದಾದ ಮೇಲೂ ಕನಿಷ್ಠ ದಪ್ಪಕ್ಕಿಂತ ಮೇಲೆ ಕನಿಷ್ಠ ಅರ್ಧ ಮಿ.ಮೀ. ಉಳಿಯಬೇಕು, ಇಲ್ಲದಿದ್ದರೆ ಈ ಪ್ಯಾಡ್ ಸೆಟ್ ಮುಗಿಯೋದರೊಳಗೆ ಡಿಸ್ಕ್ ಮಿತಿ ದಾಟಿರುತ್ತೆ. ಸಣ್ಣ ಗಾಡಿಗೆ ಹೊಸ ಡಿಸ್ಕ್ ರೇಟಿಗೂ ಒಳ್ಳೆ ಟರ್ನಿಂಗ್ ಕೂಲಿಗೂ ಅಂಥ ವ್ಯತ್ಯಾಸ ಇಲ್ಲ. ಹೊಸದೇ ಹಾಕಿ ಅಂತ ಲೇತ್‌ನವರೇ ಹೇಳ್ತಿದ್ದಾರೆ ಅಂದ್ಕೊಳ್ಳಿ.

ಪೆಡಲ್ ಪುರಾಣ

ಲೇತ್‌ನೋರ ಬಾಯಲ್ಲೇ ಬಂತಲ್ಲ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡಿದೀನಿ 🙂

ಮೈಕ್ರಾನ್

ಇನ್ನು ಕೂರಿಸೋ ಕೆಲಸ. ದುಡ್ಡು ದಂಡ ಆಗೋದೇ ಇಲ್ಲಿ.

ಜ್ಯಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಕ್ಯಾಲಿಪರ್ ಬಿಚ್ಚಿದ ಮೇಲೆ ಹೋಸ್‌ನಲ್ಲಿ ಜೋತು ಬಿಡಬಾರದು, ಸ್ಪ್ರಿಂಗ್‌ಗೆ ತಂತಿ ಹಾಕಿ ಕಟ್ಟಿ. ಡಿಸ್ಕ್ ಅಂಟಿಕೊಂಡಿದ್ದರೆ ಸುತ್ತಿಗೆ ಎತ್ತೋ ಮೊದಲು ಟೋಪಿ ಮೇಲೆ ತಿರುಪಿನ ಮರೆ ಇರೋ ಎರಡು ತೂತು ಇದೆಯಾ ನೋಡಿ, ಬಹುತೇಕ ಎಂ8 (8 ಮಿ.ಮೀ. ಬೋಲ್ಟಿನದು). ಎರಡು ಬೋಲ್ಟ್ ಒಂದೊಂದು ಸುತ್ತು ಬಿಗಿದರೆ ತಾನೇ ಹೊರಗೆ ಬರುತ್ತೆ.

ಈಗ ಹಬ್ ಮುಖ. ವೈರ್ ಬ್ರಷ್, ಆಮೇಲೆ ಎಮರಿ, ಬೆಳ್ಳಗೆ ಲೋಹ ಕಾಣೋವರೆಗೆ. ವೀಲ್ ನಟ್ ಕೂರೋ ಸ್ಟಡ್‌ಗಳ ಬುಡದ ಸುತ್ತ ತುಕ್ಕು ಉಂಗುರದ ಹಾಗೆ ಕೂತಿರುತ್ತೆ, ಅದೇ ಕಳ್ಳ. 130 ಮಿ.ಮೀ. ಅಗಲದ ಹಬ್ ಮುಖದ ಒಂದು ಅಂಚಲ್ಲಿ 0.05 ಮಿ.ಮೀ. ಚಕ್ಕೆ ಉಳಿದರೆ, ಪ್ಯಾಡ್ ಹಿಡಿಯೋ 230 ಮಿ.ಮೀ. ಸುತ್ತಿನಲ್ಲಿ ಅದು 0.09 ಆಗುತ್ತೆ. ಬಹಳ ಕಾರುಗಳಲ್ಲಿ ಈ ಓರೆಯ ಮಿತಿ 0.05 ಆಸುಪಾಸು. ಆ ಮುಖಕ್ಕೆ ಗ್ರೀಸ್ ಮೆತ್ತಬೇಡಿ.

ಹೊಸ ಡಿಸ್ಕ್‌ಗೆ ತುಕ್ಕು ಬರದಿರಲಿ ಅಂತ ಎಣ್ಣೆ ಸವರಿರ್ತಾರೆ. ಬ್ರೇಕ್ ಕ್ಲೀನರ್ ಹೊಡೆದು ಬಿಳಿ ಬಟ್ಟೆ ಕಪ್ಪಾಗದ ತನಕ ಒರೆಸಿ. ಕ್ಲೀನರ್ ಇಲ್ಲದಿದ್ದರೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಸೀಮೆಎಣ್ಣೆ, ಡೀಸೆಲ್ ಬೇಡ, ಜಿಡ್ಡು ಉಳಿದು ಪ್ಯಾಡ್ ಹೀರುತ್ತೆ.

ವೀಲ್ ನಟ್‌ಗಳಿಗೆ ವಾಷರ್ ಕೊಟ್ಟು ಡಿಸ್ಕ್ ಬಿಗಿದು ಡಯಲ್ ಗೇಜ್ (ಓರೆ ಅಳೆಯೋ ಮುಳ್ಳಿನ ಮಾಪಕ) ಇಟ್ಟು ಒಂದು ಸುತ್ತು ತಿರುಗಿಸಿ. 0.05 ದಾಟಿದರೆ ಡಿಸ್ಕ್ ಬಿಚ್ಚಿ ಒಂದು ಸ್ಟಡ್ ಆಚೆಗೆ ತಿರುಗಿಸಿ ಕೂರಿಸಿ ಮತ್ತೆ ನೋಡಿ. ನಾಲ್ಕು ಸ್ಟಡ್ ಅಂದ್ರೆ ನಾಲ್ಕು ಅವಕಾಶ. ಹಬ್‌ನ ಓರೆ, ಡಿಸ್ಕ್‌ನ ಓರೆ ಒಂದಕ್ಕೊಂದು ವಜಾ ಆಗೋ ಸ್ಥಾನ ಸಾಮಾನ್ಯವಾಗಿ ಸಿಗುತ್ತೆ. ನಾಲ್ಕರಲ್ಲೂ ಸಿಗದಿದ್ದರೆ ಹಬ್ ಬೇರಿಂಗ್ ಕಡೆ ನೋಡಿ.

ವಿಸಿ ನಾಲೆ

ನಮ್ ಕಡೆ ಗಾಡಿಗಳಲ್ಲಿ ಡಿಸ್ಕಿಗಿಂತ ಮುಂಚೆ ಕೆಡೋದು ಕ್ಯಾಲಿಪರ್ ಜಾರೋ ಪಿನ್ನು. ನಾಟಿ ಟೈಮಲ್ಲಿ ಗದ್ದೆ ಕೆಸರು, ಆಲೆಮನೆ ರಸ್ತೆ ಧೂಳು, ಎಲ್ಲಾ ಹೋಗಿ ಕೂತ್ಕೊಳದು ಅಲ್ಲೆಯ. ರಬ್ಬರ್ ಬೂಟ್ ಒಂದು ಚೂರು ಹರಿದಿದ್ರೆ ಮುಗೀತು.

ಬಿಚ್ಚಿದ ಪ್ಯಾಡೇ ಎಲ್ಲಾ ಹೇಳ್ತದೆ, ಎಸೀಬ್ಯಾಡಿ. ಹೊರಗಿನ ಪ್ಯಾಡ್ ಜಾಸ್ತಿ ಸವೆದಿದ್ರೆ ಪಿನ್ ಜಾರ್ತಿಲ್ಲ ಅಂತ. ಒಳಗಿನದು ಜಾಸ್ತಿ ಸವೆದಿದ್ರೆ ಪಿಸ್ಟನ್ ವಾಪಸ್ ಹೋಯ್ತಿಲ್ಲ, ಇಲ್ಲ ಪಿನ್ ಪೂರಾ ಕಚ್ಕೊಂಡದೆ. ಒಂದೇ ಪ್ಯಾಡ್ ಒಂದು ತುದಿ ದಪ್ಪ ಒಂದು ತುದಿ ತೆಳ್ಳಗಿದ್ರೆ ಎರಡ್ರಲ್ಲಿ ಒಂದು ಪಿನ್ ಹಿಡ್ಕೊಂಡದೆ. ಹಿಂಗಿರೋ ಕ್ಯಾಲಿಪರ್‌ಗೆ ಎಂಥಾ ಡಿಸ್ಕ್ ಹಾಕಿದ್ರೂ ದುಡ್ಡು ನಾಲೆಗೆ ಎಸೆದಂಗೆ.

ಪಿನ್ ಎಳ್ದು ಹಳೇ ಗ್ರೀಸ್ ಪೂರಾ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಬೇರಿಂಗ್‌ಗೆ ಹಾಕೋ ಮಾಮೂಲಿ ಗ್ರೀಸ್ ಹಾಕಿದ್ರೆ ರಬ್ಬರ್ ಊದ್ಕೊಂಡು ಪಿನ್ನನ್ನೇ ಹಿಡ್ಕತದೆ. ಎರಡು ಪಿನ್ ಒಂದೇ ಥರ ಇಲ್ದಿದ್ರೆ ಯಾವುದು ಮ್ಯಾಲೆ ಯಾವುದು ಕೆಳಗೆ ಅಂತ ಫೋಟೋ ತೆಕ್ಕಳಿ. ಪ್ಯಾಡ್ ಕಿವಿ ಕೂರೋ ಸ್ಟೀಲ್ ಕ್ಲಿಪ್ಪೂ ಹೊಸಾವೇ ಹಾಕಿ, ಅದರ ಅಡೀಲಿ ತುಕ್ಕು ಉಬ್ಬಿ ಪ್ಯಾಡ್ ಬಿಗಿ ಆಗಿರ್ತದೆ. ಸವೆದಾಗ ಕೀಂಯ್ ಅನ್ನೋ ನಾಲಿಗೆ ಇರೋ ಪ್ಯಾಡು ಹಳೇದು ಎಲ್ಲಿತ್ತೋ ಅಲ್ಲಿಗೇ.

ಪೆಡಲ್ ಪುರಾಣ

ಪಿಸ್ಟನ್ ಒಳಗೆ ತಳ್ಳೋ ಮೊದಲು ಬ್ರೇಕ್ ಫ್ಲೂಯಿಡ್ ತುಂಬೋ ರಿಸರ್ವಾಯರ್ ಮುಚ್ಚಳ ತೆಗೀರಿ, ಫ್ಲೂಯಿಡ್ ಮಟ್ಟ ಎದ್ದು ಬರುತ್ತೆ. ಪೇಂಟ್ ಮೇಲೆ ಚೆಲ್ಲಿದರೆ ಒರೆಸಬೇಡಿ, ತಕ್ಷಣ ನೀರು ಹುಯ್ಯಿರಿ. ಫ್ಲೂಯಿಡ್ ಎರಡು ವರ್ಷ ದಾಟಿದ್ದರೆ ಇದೇ ಸಮಯ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಡಾಟ್ 3 ಆದರೆ 205, ತೇವದಲ್ಲಿ 140. ಡಾಟ್ 5 ಸಿಲಿಕೋನ್, ಅದನ್ನ ಇದರ ಜೊತೆ ಬೆರೆಸಬೇಡಿ.

ಮತ್ತೆ ಇದನ್ನ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಎಲ್ಲಾ ಕೂರಿಸಿದ ಮೇಲೆ ಗಾಡಿ ಅಲುಗಿಸೋ ಮೊದಲು ಪೆಡಲ್ ಗಟ್ಟಿಯಾಗೋ ತನಕ ಒತ್ತಿ ಒತ್ತಿ ಬಿಡಿ. ಪಿಸ್ಟನ್ ಒಳಗೆ ಹೋಗಿರುತ್ತೆ, ಮೊದಲ ನಾಲ್ಕೈದು ಒತ್ತು ಸೀದಾ ನೆಲಕ್ಕೇ ಹೋಗುತ್ತೆ. ಶೆಡ್‌ನಿಂದ ರಿವರ್ಸ್ ತೆಗೆದು ಕಾಂಪೌಂಡ್‌ಗೆ ಗುದ್ದೋದು ಹೀಗೇ.

ಮೈಕ್ರಾನ್

ಬೆಡ್ಡಿಂಗ್ (ಹೊಸ ಪ್ಯಾಡ್, ಡಿಸ್ಕ್ ಒಂದಕ್ಕೊಂದು ಒಗ್ಗಿಸೋದು) ಮರೀಬೇಡಿ. ಖಾಲಿ ರಸ್ತೆ, ಭಾನುವಾರ ಬೆಳಗಿನ ರಿಂಗ್ ರೋಡ್ ಸಾಕು. 60ರಿಂದ 10ಕ್ಕೆ ಮಧ್ಯಮ ಒತ್ತಿನಲ್ಲಿ ಇಳಿಸಿ, ಅರ್ಧ ನಿಮಿಷ ಗಾಳಿಗೆ ಓಡಿಸಿ, ಮತ್ತೆ. ಹೀಗೆ 8–10 ಸಲ. ನಡುವೆ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡೀಬೇಡಿ, ಬಿಸಿ ಪ್ಯಾಡ್‌ನ ಮಾಲು ಅಚ್ಚೊತ್ತಿದ ಹಾಗೆ ಡಿಸ್ಕ್ ಮೇಲೆ ಕೂತು ಅಲ್ಲೇ ನಡುಕದ ಬೀಜ ಬೀಳುತ್ತೆ. ಮುಗಿದ ಮೇಲೆ ಐದು ಕಿ.ಮೀ. ಬ್ರೇಕ್ ಕಮ್ಮಿ ಬಳಸಿ ಓಡಿಸಿ ತಣಿಸಿ. ಮೊದಲ 200–300 ಕಿ.ಮೀ. ಬೆಟ್ಟ ಬೇಡ. ಡಿಸ್ಕ್ ಬಿಸಿ ಇರುವಾಗ ವಾಟರ್ ಸರ್ವಿಸ್‌ಗೂ ಬಿಡಬೇಡಿ.

ಸಕ್ಕರೆ ಸೀಮೆ

ಅಳತೆ ತೆಗೆಸಿದೆ. ಮುದ್ರೆ ಪ್ರಕಾರ ಕನಿಷ್ಠ 18.0. ಎಡಗಡೆ 18.88ರಿಂದ 18.89. ಬಲಗಡೆ 18.68ರಿಂದ 18.72. ಡಯಲ್ ಗೇಜ್ ಎಡಕ್ಕೆ 0.04, ಬಲಕ್ಕೆ 0.11. ಬಲಗಡೆ ಹೊರಗಿನ ಪ್ಯಾಡ್ ಒಂದು ತುದಿ 5, ಇನ್ನೊಂದು ತುದಿ 3 ಮಿ.ಮೀ. ಬಲಗಡೆ ಒಂದೇ ಬದಲಾಯಿಸಿದ್ರೆ ನಡೆಯುತ್ತಾ?

ಹೆಬ್ಬಾಳ್ ಲೇತ್

ನಡೆಯಲ್ಲ, ಜೋಡಿನೇ. ಒಂದು ಕಡೆ ಹೊಸ ಮೇಲ್ಮೈ ಒಂದು ಕಡೆ ಹಳೇದು ಇದ್ದರೆ ಒತ್ತಿದಾಗ ಒಂದು ಕಡೆ ಎಳೆಯುತ್ತೆ. ಬಲದ್ದು ಕೊರೆದರೆ ಮುಖಕ್ಕೆ 0.15 ಹೋದರೂ 18.4ಕ್ಕೆ ಬರುತ್ತೆ, ಅರ್ಧ ಮಿ.ಮೀ. ಉಳಿಯಲ್ಲ. ಲೇತ್ ದುಡ್ಡು ಉಳಿಸಿ.

ವಿಸಿ ನಾಲೆ

ಬಲಗಡೆ ಒಂದು ಪಿನ್ ಹಿಡ್ಕೊಂಡದೆ, ಸಂಶಯನೇ ಇಲ್ಲ. ಪಿನ್ನು ಗೀರಾಗಿದ್ರೆ ಉಜ್ಜಕ್ಕೆ ಹೋಗ್ಬ್ಯಾಡಿ, ಪಿನ್ನು ಬೂಟು ಕಿಟ್ಟೇ ಸಿಕ್ತದೆ. ಹಿಂದಿನ ಡ್ರಮ್ಮೂ ಒಂದ್ಸಲ ಬಿಚ್ಚಿ ಪುಡಿ ತೆಗೀರಿ. ಬಾಯಲ್ಲಿ, ಏರ್ ಗನ್ನಲ್ಲಿ ಊದಬ್ಯಾಡಿ, ಒದ್ದೆ ಬಟ್ಟೇಲಿ ಒರೆಸಿ, ಆ ಪುಡಿ ಎದೆಗೆ ಒಳ್ಳೇದಲ್ಲ. ಶೂ ಅಡ್ಜಸ್ಟರ್ ತುಕ್ಕಿಡಿದು ನಿಂತಿದ್ರೆ ಹಿಂದ್ಗಡೆ ಕೆಲ್ಸನೂ ಮುಂದ್ಗಡೆ ಡಿಸ್ಕೇ ಮಾಡ್ತಿರ್ತದೆ.

ಮೈಕ್ರಾನ್

ಹೊಸ ಡಿಸ್ಕ್ ಕೂರಿಸಿದ ಮೇಲೆ ಬಲಗಡೆ ಗೇಜ್ ಎಷ್ಟು ತೋರಿಸುತ್ತೆ ಇಲ್ಲೇ ಬರೀರಿ. ಆಗಲೂ 0.1 ಬಂದರೆ ಡಿಸ್ಕ್ ವಾಪಸ್ ಮಾಡಬೇಡಿ, ಹಬ್ ನೋಡೋಣ. ವೀಲ್ ನಟ್ ಏರ್ ಗನ್‌ನಲ್ಲಿ ಬಿಗಿಸಬೇಡಿ. ಅಡ್ಡಡ್ಡ ಜೋಡಿಯಲ್ಲಿ, ಟಾರ್ಕ್ ರೆಂಚ್‌ನಲ್ಲಿ, ಕೈಪಿಡಿಯಲ್ಲಿರೋ ಅಳತೆಗೆ. 100 ಕಿ.ಮೀ. ಓಡಿದ ಮೇಲೆ ಅದೇ ಅಳತೆಗೆ ಮತ್ತೊಮ್ಮೆ ನೋಡಿ.

ಸಕ್ಕರೆ ಸೀಮೆ

ಎಡ 0.03. ಬಲ ಮೊದಲು 0.08 ಬಂತು, ಎರಡು ಸ್ಟಡ್ ತಿರುಗಿಸಿದ ಮೇಲೆ 0.04. ಮೇಲಿನ ಪಿನ್ ಗೀರಾಗಿತ್ತು, ಕಿಟ್ ಬದಲಾಯ್ತು. ಭಾನುವಾರ ಬೆಡ್ಡಿಂಗ್.